ನಲವತ್ತೈದು ಕಿಲೊ ಒಳಗೆ

ಶಿಕ್ಷಕರ ಕೋಣೆಯಲ್ಲಿ ಶ್ರೀಪಾದ ಮಾಸ್ತರರು ಅವಲಕ್ಕಿ ತಿನ್ನುವಾಗ ಶೇಂಗಾ ಕಾಳುಗಳನ್ನು ಕೊನೆಗೆ ಉಳಿಸಿಕೊಂಡು, ಒಂದೊಂದಾಗಿ ಬಾಯಿಗೆ ಎಸೆದು, ದವಡೆಯಲ್ಲಿ ಕಟಕ್ಕನೆ ಕಡಿಯುತ್ತಿದ್ದರು. ಪ್ರತಿ ಸಲವೂ ಆಟದ ಮಾಸ್ತರ ಮಾರ್ತಾಂಡನ ಬೆನ್ನೊಳಗೆ ಏನೋ ಸೆಟೆಯುತ್ತಿತ್ತು. ಈ ಮನುಷ್ಯನನ್ನು, ಇವರ ಲೆಕ್ಕದ ಪಾಠವನ್ನು, ಅಂಗಿಯ ಕೆಳಗಿನ ಗುಂಡಿ ಕೂಡದಂತೆ ಉಬ್ಬಿದ ಇವರ ಹೊಟ್ಟೆಯನ್ನು ತಾನು ಹದಿಮೂರು ವರ್ಷದಿಂದ ದ್ವೇಷಿಸುತ್ತ ಬಂದಿದ್ದೇನೆ ಎಂಬುದು ಅವನಿಗೆ ಈ ಶನಿವಾರದ ಬೆಳಗಿನಲ್ಲಿ, ಗೋಡೆಯ ಮೇಲಿನ ವೇಳಾಪಟ್ಟಿಯಷ್ಟು ಸ್ಪಷ್ಟವಾಗಿ ಹೊಳೆಯಿತು. ಆದರೆ ಅವನನ್ನು ಕಾಡಿದ್ದು ಅದಲ್ಲ. ಆ ಸದ್ದು. ಇಪ್ಪತ್ತಮೂರು ದಿನದ ಹಿಂದೆ ಶಿರಹಟ್ಟಿಯ ಮೈದಾನದಲ್ಲಿ, ಕಬಡ್ಡಿ ಪಂದ್ಯದ ನಡುವೆ, ಅವನ ತಂಡದ ಹುಡುಗ ಕೊಟ್ರಪ್ಪ ಎದುರಾಳಿಯ ಅಂಕಣದಿಂದ ತಿರುಗಿ, ಗೆರೆಯ ಕಡೆಗೆ ಒಂದು ಹೆಜ್ಜೆ ಎಗರಿದಾಗ, ಯಾರೂ ಅವನನ್ನು ಹಿಡಿದಿರಲಿಲ್ಲ, ಒಂದು ಕೈ ಕೂಡ ಅವನ ಮೈಗೆ ತಾಗಿರಲಿಲ್ಲ, ಒಣಗಿದ ಹತ್ತಿಕಟ್ಟಿಗೆ ಮುರಿದಂತೆ ಬಂದ ಆ ಸದ್ದು. ಮಂದಿ ನಕ್ಕಿದ್ದರು. ಹುಡುಗ ಜಾರಿ ಬಿದ್ದ ಅಂದುಕೊಂಡಿದ್ದರು. ಗೆರೆಯಾಚೆ ಸೀಟಿ ಹಿಡಿದು ನಿಂತಿದ್ದ ಮಾರ್ತಾಂಡನೊಬ್ಬನೇ ನಕ್ಕಿರಲಿಲ್ಲ. ಆ ಗಳಿಗೆಯಲ್ಲಿ ತನ್ನ ಮನಸ್ಸಿಗೆ ಮೊದಲು ಬಂದದ್ದು ಏನೆಂದು ಅವನು ಈವರೆಗೆ ಯಾರಿಗೂ ಹೇಳಿಲ್ಲ. 'ಒಂದು ಅಂಕ ಹೋಯಿತು' ಎಂದು ಬಂದಿತ್ತು.

"ಒಳಗ ಬರಬೌದೇನ್ರಿ?"

ಬಾಗಿಲಲ್ಲಿ ಕೊಟ್ರಪ್ಪನ ತಾಯಿ ರೇಣುಕವ್ವ ನಿಂತಿದ್ದಳು. ಇಳಕಲ್ಲ ಸೀರೆಯ ಸೆರಗು ತಲೆಯ ಮೇಲೆ, ಕಾಲಿಗೆ ಅವಳ ಊರು ಡೋಣಿಯ ಕೆಂಪು ಧೂಳು. ಅವಳು ಬೇರೆ ಯಾರನ್ನೂ ನೋಡದೆ ಸೀದಾ ಮಾರ್ತಾಂಡನ ಮೇಜಿನ ಮುಂದೆ ಬಂದಳು. ಕೂಡಲು ಹೇಳಬೇಕೆಂದು ಅವನಿಗೆ ತೋಚುವಷ್ಟರಲ್ಲಿ ಅವಳು ಮಾತು ಶುರು ಮಾಡಿಬಿಟ್ಟಿದ್ದಳು.

"ಮಾಸ್ತರ್ರ, ಅಂವ ಉಣವಲ್ಲ. ತಾಟ ಮುಂದಿಟ್ರ ಮಾರಿ ಆ ಕಡಿ ತಿರವತಾನ. ಹಾಲು ಕೊಟ್ರ ಬೆಕ್ಕಿಗೆ ಹಾಕತಾನ. ನಿನ್ನಿ ಡಾಕ್ಟರು ಮತ್ತ ಫೋಟೋ ತಗದು ನೋಡಿದ್ರು. ಕಾಲಿನ ಎಲುಬು ಕೂಡಿ ಹತ್ತೂ ಗುರ್ತ ಇಲ್ಲಂತ. ಇನ್ನೊಂದ ತಿಂಗಳದಾಗ ಹತ್ತಲಿಲ್ಲಂದ್ರ ಕೊಯ್ಯಬೇಕಂತ, ಕೊಯ್ದ್ರೂ ಕಾಲು ಗಿಡ್ಡ ಉಳಿತೈತಂತ. ನಾ ಅತ್ತೆ, ಕೇಳಲಿಲ್ಲ. ಅವರಪ್ಪ ಬಡದಾ, ಕೇಳಲಿಲ್ಲ. 'ಸರ್ ಹೇಳಿಲ್ಲ' ಅಂತಾನ. ನೀವ ಬಂದು ಉಣ್ಣೋ ಅಂತ ಒಂದ ಮಾತ ಅನ್ರಿ. ಅಷ್ಟ ಸಾಕು."

ಕೋಣೆಯಲ್ಲಿ ಶೇಂಗಾ ಕಡಿಯುವ ಸದ್ದು ನಿಂತಿತು. ಎಲ್ಲರೂ ತಮ್ಮ ತಮ್ಮ ಪುಸ್ತಕಗಳಲ್ಲಿ ಒಮ್ಮೆಲೇ ಏನನ್ನೋ ಹುಡುಕತೊಡಗಿದ್ದು ಮಾರ್ತಾಂಡನಿಗೆ ಕಾಣಿಸಿತು. ಶ್ರೀಪಾದ ಮಾಸ್ತರರು ಬೆರಳು ನೆಕ್ಕಿ ಡಬ್ಬಿಯ ಮುಚ್ಚಳ ಒತ್ತಿದರು.

"ಹೋಗ್ರಿ, ಹೋಗ್ರಿ ಮಾರ್ತಾಂಡರಾಯರ. ಉಪಾಸ ಹಿಡಸಿದವರು ನೀವು, ಪಾರಣಿನೂ ನಿಮ್ಮ ಕೈಲೇ ಆಗಲಿ."

ಯಾರೋ ಮೂಗಿನಲ್ಲಿ ನಕ್ಕರು. ಮಾರ್ತಾಂಡ ಎದ್ದು ನಿಂತ. ನಲವತ್ತೆರಡು ವರ್ಷಕ್ಕೆ ಐವತ್ತೊಂದು ಕಿಲೊ ತೂಗುವ, ಪಕ್ಕೆಲುಬು ಎಣಿಸಬಹುದಾದ ತನ್ನ ಮೈಯನ್ನು ಅವನು ಹದಿಮೂರು ವರ್ಷ ಈ ಕೋಣೆಯಲ್ಲಿ ಒಂದು ಪದಕದಂತೆ ಹೊತ್ತು ತಿರುಗಿದ್ದ. ಈಗ ಅದು ಬೇರೆ ಯಾರದೋ ಅಂಗಿಯ ಹಾಗೆ ಅವನ ಮೇಲೆ ಜೋತುಬಿದ್ದಿತ್ತು.

ಬಸ್ ನಿಲ್ದಾಣದವರೆಗೆ ರೇಣುಕವ್ವ ಅವನಿಗಿಂತ ನಾಲ್ಕು ಹೆಜ್ಜೆ ಹಿಂದೆ ನಡೆದಳು. ಅವಳು ತನ್ನನ್ನು ಹಿಡಿದುಕೊಂಡು ಹೋಗುತ್ತಿದ್ದಾಳೆ ಎಂದು ಮಾರ್ತಾಂಡನಿಗೆ ಅನಿಸಿತು. ಡಾಕ್ಟರರ ದವಾಖಾನೆಯ ಮುಂದೆ ಹಾಯುವಾಗ ಅವನು ಆಚೆ ಬದಿಯ ಅರಿವೆ ಅಂಗಡಿಯನ್ನು ನೋಡಿದ. ಕೊಟ್ರಪ್ಪನನ್ನು ಇಲ್ಲಿಗೆ ತಂದ ದಿನ ಡಾಕ್ಟರು ಎಲುಬಿನ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು, ಪೆನ್ನಿನ ತುದಿಯಿಂದ ತೋರಿಸಿದ್ದರು. "ಇಲ್ನೋಡ್ರಿ, ಎಲುಬಿನ ಗ್ವಾಡಿ ಎಷ್ಟ ತೆಳ್ಳಗ ಐತಿ. ಹದಿನೇಳ ವರ್ಷದ ಹುಡುಗಂದು ಇದು? ಅರವತ್ತರ ಮುದಿಕಿದು ಇದ್ದಂಗ ಐತಿ." ಮಾರ್ತಾಂಡ ಹೇಳಿದ್ದ: ಓಡಿಸುತ್ತೇನೆ, ಜಿಗಿಸುತ್ತೇನೆ, ದಿನಕ್ಕೆ ಎರಡು ಹೊತ್ತು ತಾಲೀಮು, ಗದಗ ಬೆಟಗೇರಿಯಲ್ಲಿ ಇಷ್ಟು ಗಟ್ಟಿ ಹುಡುಗರು ಯಾವ ಶಾಲೆಯಲ್ಲೂ ಇಲ್ಲ. ಡಾಕ್ಟರು ಕನ್ನಡಕ ತೆಗೆದು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ್ದರು. "ಓಡಿಸ್ರಿ, ಜಿಗಸ್ರಿ, ಯಾರ ಬ್ಯಾಡ ಅಂದಾರ? ಈ ವಯಸ್ಸಿನಾಗ ಜಿಗದಷ್ಟೂ ಎಲುಬು ಗಟ್ಟಿ ಆಗತೈತಿ. ಆದ್ರ ಹೊಟ್ಟಿಗೆ ಹಾಕದ ಜಿಗಸಿದ್ರ ಎಲ್ಲಿಂದ ತರಬೇಕು ಅದು? ಮೈಮ್ಯಾಲ ಮಾಂಸಖಂಡನ ಇಲ್ಲ. ಖಂಡ ಇದ್ರ ಅದು ಎಲುಬನ್ನ ಜಗ್ಗಿ ಜಗ್ಗಿ ದಪ್ಪ ಮಾಡತೈತಿ. ಇಪ್ಪತ್ತರೊಳಗ ಕಟ್ಟಿದ್ದ ಎಲುಬು, ಮುಂದ ಕಟ್ಟಾಕ ಬರಂಗಿಲ್ಲ. ಮನ್ಯಾಗ ಬಡತನೇನು?" ಬಾಗಿಲಾಚೆ ಬಾಕಿನ ಮೇಲೆ ರೇಣುಕವ್ವ ಕೂತಿದ್ದಳು, ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು. ಮಾರ್ತಾಂಡ ದನಿ ತಗ್ಗಿಸಿ ಹೇಳಿದ್ದ: "ಹೌದ್ರಿ. ಭಾಳ ಬಡವರು."

ಅಷ್ಟು ಸಲೀಸಾಗಿ ಬಂದಿತ್ತು ಅದು. ಬಾಯಲ್ಲಿ ಮೊದಲೇ ಇಟ್ಟುಕೊಂಡಿದ್ದ ಹಾಗೆ.

ನಿಲ್ದಾಣದಲ್ಲಿ ಮುಂಡರಗಿಯ ಬಸ್ಸು ನಿಂತಿತ್ತು. ಅದರ ಮೇಲೆ ಬಾಳೆಗೊನೆ, ಸೈಕಲ್ಲು, ಹಗ್ಗದ ಸಿಂಬಿ ಏರಿಸುತ್ತಿದ್ದ ಹಮಾಲ ಮಲಂಗಸಾಬ ಅವರನ್ನು ಕಂಡು ಏಣಿಯಿಂದ ದಡದಡ ಇಳಿದು ಬಂದ. ಈ ಹೊತ್ತಿನಲ್ಲಿ, ಈ ಜಾಗದಲ್ಲಿ, ಈ ಹೆಂಗಸಿನ ಜೊತೆ ತಾನು ಬರಬಾರದಾಗಿತ್ತು ಎಂದು ಮಾರ್ತಾಂಡನಿಗೆ ಈಗ ಹೊಳೆಯಿತು. ಡೋಣಿ, ಡಂಬಳ, ಮುಂಡರಗಿ ಕಡೆಯಿಂದ ಗದಗಿನಲ್ಲಿ ಓದಲು ಬಂದ ಹುಡುಗರಿಗೆಲ್ಲ ಮನೆಯವರು ದಿನವೂ ಬೆಳಗಿನ ಬಸ್ಸಿಗೆ ಬುತ್ತಿ ಕಳಿಸುತ್ತಿದ್ದರು. ಬಟ್ಟೆಯ ಚೀಲ, ಒಳಗೆ ರೊಟ್ಟಿಯ ಗಂಟು, ಪಲ್ಯದ ಡಬ್ಬಿ. ಕಂಡಕ್ಟರ್ ಇಳಿಸುತ್ತಿದ್ದ, ಹುಡುಗರು ಗುರುತು ಹಿಡಿದು ಒಯ್ಯುತ್ತಿದ್ದರು, ಸಂಜೆಯ ಬಸ್ಸಿಗೆ ಖಾಲಿ ಡಬ್ಬಿ ತಿರುಗಿ ಊರಿಗೆ ಹೋಗುತ್ತಿತ್ತು. ಎರಡು ವರ್ಷದಿಂದ ಕೊಟ್ರಪ್ಪನ ಬುತ್ತಿಯನ್ನು ಮೊದಲು ಬಿಚ್ಚುತ್ತಿದ್ದವನು ಮಾರ್ತಾಂಡ.

"ಏ ಅಕ್ಕಾ, ಕೆಂಪು ದಾರದ ಚೀಲ ನಿಂದ ಅಲ್ಲೇನು? ಡೋಣಿ ಚೀಲ?" ಮಲಂಗಸಾಬ ಹೆಗಲ ಮೇಲಿನ ಟವೆಲ್ಲು ತೆಗೆದು ಬೆವರು ಒರೆಸಿಕೊಂಡ.

"ನಂದೋ ಎಪ್ಪಾ. ಯಾಕ?"

"ಯಾಕ ಅಂದ್ರ! ಎರಡ ವರ್ಷ ನಿನ್ನ ಕೈ ರೊಟ್ಟಿ ತಿಂದೇನಿ ನಾ. ಬೆಣ್ಣಿ ಏನು, ಶೇಂಗಾ ಹಿಂಡಿ ಏನು, ಆ ಮೊಸರಂತೂ ಕೋಲ ನೆಟ್ರ ನಿಲ್ಲಬೇಕು! ಮಾಸ್ತರು ದಿನಾ ಅರ್ಧಾಕ್ಕಿಂತ ಜಾಸ್ತಿ ತಗದು ನನಗ ಕೊಡತಿದ್ರು, ಭಾಳ ದೊಡ್ಡ ಮನಸು. ನಮ್ಮ ಮನಿಯಾಕಿ ರಸೂಲಬಿ ಅಂತಾಳ, ಯಾವಾಕಿನೋ ಮೇಸಿ ನಿನ್ನ ಹೋರಿ ಮಾಡ್ಯಾಳ, ಈಗ ನಿನ್ನ ಆಕಿಗೇ ಮಾರತೇನಿ ಅಂತ!" ಅವನು ತನ್ನ ಮಾತಿಗೆ ತಾನೇ ನಕ್ಕ. ಅವನ ಮುಂಗೈ ಬಿಸಿಲಲ್ಲಿ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಐವತ್ತು ದಾಟಿದವನು, ಎರಡು ಕ್ವಿಂಟಲ್ ಹತ್ತಿಯ ಅಂಡಿಗೆಯ ಒಂದು ತುದಿಯನ್ನು ಒಬ್ಬನೇ ಎತ್ತುವವನು. "ಈಗ ಇಪ್ಪತ್ತ ದಿನಾ ಆತು, ಬುತ್ತಿ ಖಬರ ಇಲ್ಲ. ಹುಡುಗ ಸಾಲಿ ಬಿಟ್ಟನೇನು?"

ರೇಣುಕವ್ವ ಮಲಂಗಸಾಬನ ಮುಂಗೈ ನೋಡುತ್ತಿದ್ದಳು. ಬಹಳ ಹೊತ್ತು ನೋಡಿದಳು, ಸಂತೆಯಲ್ಲಿ ಎತ್ತನ್ನು ನೋಡುವ ಹಾಗೆ.

"ಮೊಸರು ಹುಳಿ ಇರತಿದ್ದಿಲ್ಲಲ್ಲೋ?" ಎಂದಳು.

"ಒಂದ ದಿನಾನೂ ಇಲ್ಲ ನೋಡಕ್ಕಾ!"

"ಆತು ಬಿಡು."

ಅವಳು ಬಸ್ಸು ಹತ್ತಿ ಮುಂದಿನ ಹೆಂಗಸರ ಸೀಟಿನಲ್ಲಿ ಕಿಟಕಿಗೆ ಕೂತಳು. ಮಾರ್ತಾಂಡ ಅವಳ ಹಿಂದಿನ ಸೀಟಿನಲ್ಲಿ ಕೂತ, ಬೇರೆ ಸೀಟುಗಳು ಖಾಲಿಯಿದ್ದರೂ. ಅವಳು ತಿರುಗಿ ಬೈದರೆ ಕೇಳುವಷ್ಟು ಹತ್ತಿರ ಇರಬೇಕು ಅನಿಸಿತು. ಅವಳು ತಿರುಗಲಿಲ್ಲ. ಬಸ್ಸು ಊರು ಬಿಟ್ಟಿತು, ಎರಡೂ ಬದಿಗೆ ಹತ್ತಿ ಒಡೆದ ಕರಿಹೊಲ, ಬಗ್ಗಿ ಬಿಡಿಸುತ್ತಿದ್ದ ಆಳುಗಳು. ಇದೇ ರಸ್ತೆಯಲ್ಲಿ ಅವನು ಹುಡುಗರಿಗೆ ಕಂಬಳಿ ಹೊದಿಸಿ, ನಡುವಿಗೆ ಹಗ್ಗ ಬಿಗಿದು, ಮಧ್ಯಾಹ್ನದ ಹನ್ನೆರಡಕ್ಕೆ ಓಡಿಸುತ್ತಿದ್ದ, ತಾನು ಸೈಕಲ್ಲಿನ ಮೇಲೆ ಹಿಂದೆ. ನಲವತ್ತೈದು ಕಿಲೊ ಒಳಗಿನ ಪಂದ್ಯ ಅಂದರೆ ನಲವತ್ತೈದರ ಒಳಗೇ. ತೂಗುವ ದಿನ ಸೊಸಾಯಿಟಿಯ ಕಾಟಾದ ಮೇಲೆ ಮುಳ್ಳು ಕೂದಲೆಳೆ ಆಚೆ ಹೋದರೂ ಹುಡುಗ ಹೊರಗೆ. ಬಾಯಲ್ಲಿ ಹುಣಸೆಹಣ್ಣು ಇಟ್ಟು ಉಗುಳಿಸುತ್ತಿದ್ದ. "ಉಗಳ್ರಲೇ, ಉಗಳಿದಷ್ಟ ಹಗರ ಆಗತೀರಿ." ಕೊಟ್ರಪ್ಪ ಬಂದಾಗ ಭುಜದೆತ್ತರ ಇದ್ದ. ಎರಡು ವರ್ಷದಲ್ಲಿ ಅವನ ತಲೆ ಮಾರ್ತಾಂಡನ ತಲೆಗಿಂತ ನಾಲ್ಕು ಬೆರಳು ಮೇಲೆ ಹೋಗಿತ್ತು, ಮುಳ್ಳು ಮಾತ್ರ ನಲವತ್ತೈದರಲ್ಲೇ ನಿಂತಿತ್ತು. ಅಷ್ಟು ಉದ್ದದ ಕೈಕಾಲು ಆ ತೂಕದ ಪಂದ್ಯದಲ್ಲಿ ಬೇರೆ ಯಾವ ತಂಡಕ್ಕೂ ಇರಲಿಲ್ಲ. ನಿಂತಲ್ಲಿಂದಲೇ ಮುಟ್ಟಿ ಬರುತ್ತಿದ್ದ. ಮಂದಿ ಅವನನ್ನು ಕೊಕ್ಕರೆ ಎಂದು ಕೂಗುತ್ತಿದ್ದರು. ನಾನು ಇವನನ್ನು ಮಾಡಿದೆ ಎಂದು ಮಾರ್ತಾಂಡನಿಗೆ ಅನಿಸುತ್ತಿತ್ತು, ಬಡಿಗ ಕಟ್ಟಿಗೆಯನ್ನು ಹೆರೆದ ಹಾಗೆ, ಬೇಡದ್ದನ್ನೆಲ್ಲ ಹೆರೆದು.

ಬೇಡದ್ದು. ಲಕ್ಷ್ಮೇಶ್ವರದಲ್ಲಿ ಪೂಜೆಯ ಮನೆತನ ಮಾರ್ತಾಂಡನದು. ಅಪ್ಪ ತಿಥಿಯ ಊಟಕ್ಕೆ ಕರೆದಲ್ಲಿಗೆಲ್ಲ ಅವನನ್ನೂ ಕರೆದುಕೊಂಡು ಹೋಗುತ್ತಿದ್ದ. ಬರಿಮೈಯ ಅಪ್ಪ, ಮಡಿಕೆ ಮಡಿಕೆಯಾಗಿ ಇಳಿದ ಹೊಟ್ಟೆ, ಎಲೆಯ ಮುಂದೆ ಹೋಳಿಗೆಯ ಮೇಲೆ ತುಪ್ಪ ಬೀಳುವಾಗ ಸಾಕು ಎನ್ನಲು ಅರ್ಧ ಮೇಲೆತ್ತಿ ಮತ್ತೆ ಇಳಿಸುವ ಕೈ. ಬಡಿಸುವವರು ಪರಸ್ಪರ ಕಣ್ಣು ಹೊಡೆದು, "ಭಟ್ಟರ ಮಗಗೂ ಹಾಕ್ರೆವ್ವ, ಈಗಿಂದ ರೂಢಿ ಆಗಲಿ" ಅನ್ನುತ್ತಿದ್ದರು. ಏಳು ವರ್ಷದ ಮಾರ್ತಾಂಡ ಬಾಯಿ ಬಿಗಿದು ಕೂತಿರುತ್ತಿದ್ದ. ಬಾಯಿ ಬಿಗಿದು ಕೂಡುವುದರಲ್ಲಿ ಒಂದು ಸುಖವಿದೆಯೆಂದು ಅವನಿಗೆ ಗೊತ್ತಾದದ್ದು ಅಲ್ಲಿ. ಆ ಸುಖವನ್ನೇ ಹುಡುಗರಿಗೆ ಕೊಟ್ಟೆ ಎಂದುಕೊಂಡಿದ್ದ. ಬೇರೆ ಏನು ಕೊಡಲಿ, ತನ್ನ ಹತ್ತಿರ ಇದ್ದದ್ದೇ ಅದೊಂದು.

"ಡಾಕ್ಟರ್ ಮುಂದ ನಮ್ಮನ್ನ ಬಡವರು ಅಂದ್ರಿ."

ರೇಣುಕವ್ವ ತಿರುಗದೆಯೇ ಹೇಳಿದ್ದಳು, ಕಿಟಕಿಯ ಸರಳುಗಳಿಗೆ. ಮಾರ್ತಾಂಡ ಮುಂದಕ್ಕೆ ಬಾಗಿದ. ಬಸ್ಸಿನ ಗದ್ದಲದಲ್ಲಿ ಕೇಳಲಿಲ್ಲವೆಂದು ನಟಿಸಬಹುದಿತ್ತು.

"ನಾ ಕೇಳಿದೆ ಅವತ್ತು. ಕೇಳಿ ನನಗ ನಾಚಿಕಿ ಆತು. ಖರೇನ ನಾ ಕಳಿಸಿದ್ದು ಸಾಲಲಿಲ್ಲೇನೋ, ಬೆಳೆಯೂ ಮಗ, ಇನ್ನೆರಡ ರೊಟ್ಟಿ ಇಡಬೇಕಾಗಿತ್ತೇನೋ ಅಂತ ಇಪ್ಪತ್ತ ದಿನಾ ನಿದ್ದಿ ಮಾಡಿಲ್ಲ ನಾನು." ಅವಳು ಸೆರಗಿನಿಂದ ಮುಖ ಒರೆಸಲಿಲ್ಲ, ಅಳುತ್ತಿರಲಿಲ್ಲ. "ಖಾಲಿ ಡಬ್ಬಿ ಬರತಿತ್ತು. ಮಗ ಉಂಡ ಅಂತ ತೊಳದ ಇಡತಿದ್ದೆ."

ಕಂಡಕ್ಟರ್ ಬಂದು ಟಿಕೆಟ್ಟಿನ ಪೆಟ್ಟಿಗೆ ಕಟಕಟ ಬಡಿದ.

ಡೋಣಿಯಲ್ಲಿ ಇಳಿದಾಗ ಕಪ್ಪತಗುಡ್ಡದ ಮೇಲೆ ಬಿಸಿಲು ಬೋಳಾಗಿ ಬಿದ್ದಿತ್ತು. ರೇಣುಕವ್ವನ ಮನೆ ನಿಲ್ದಾಣದಿಂದ ನಾಲ್ಕನೆಯದು. ಹೊರಗೆ ಗೂಟಕ್ಕೆ ಎರಡು ಎಮ್ಮೆ ಕಟ್ಟಿದ್ದವು. ಅವು ಮಾರ್ತಾಂಡನನ್ನು ನೋಡಿ ಮೆಲುಕು ನಿಲ್ಲಿಸಿ, ಮತ್ತೆ ಶುರು ಮಾಡಿದವು. ಪಡಸಾಲೆಯಲ್ಲಿ ಹೊರಸಿನ ಮೇಲೆ ಕೊಟ್ರಪ್ಪ ಮಲಗಿದ್ದ. ಎಡಗಾಲು ತೊಡೆಯವರೆಗೆ ಬಿಳಿ ಕಟ್ಟಿನಲ್ಲಿ, ಉಳಿದ ಮೈ ಆ ಕಾಲಿಗೆ ಯಾರೋ ಆಮೇಲೆ ಅಂಟಿಸಿದಂತೆ. ಮಾಸ್ತರರನ್ನು ಕಂಡವನೇ ಎದ್ದು ಕೂಡಲು ಒದ್ದಾಡಿದ. ಮುಖ ಹೂವಾಯಿತು. ಅದು ಮಾರ್ತಾಂಡನಿಗೆ ತಡೆಯಲಾಗದ್ದು.

"ಸರ್! ಬಂದ್ರ್ಯಾ? ಯವ್ವಾ ಗಪ್ಪನ ಬರತೇನಂತ ಹೋದ್ಲು, ನಾ ಔಷಧಕ್ಕ ಅಂದ್ಕೊಂಡಿದ್ದೆ. ಯುಗಾದಿ ಮುಂದ ತಂಡದ ಆಯ್ಕೆ ಐತಂತ ಹೌದೇನ್ರಿ?" ಅವನು ಉಸಿರು ತೆಗೆದುಕೊಳ್ಳದೆ ಅಂಗಿ ಎತ್ತಿದ. ನಡುವಿನ ಉಡದಾರದಲ್ಲಿ ಮೂರು ಗಂಟುಗಳಿದ್ದವು. ಊರಲ್ಲಿ ಕಾಟಾ ಇಲ್ಲದವರು ಉಡದಾರಕ್ಕೆ ಗಂಟು ಹಾಕಿಕೊಳ್ಳಬೇಕು, ಗಂಟು ಹೊರಗೆ ಸರಿದರೆ ರೊಟ್ಟಿ ಬಿಡಬೇಕು ಎಂದು ಹುಡುಗರಿಗೆ ಕಲಿಸಿದವನು ಮಾರ್ತಾಂಡ. "ನೋಡ್ರಿ, ಇದ ಶಿರಹಟ್ಟಿ ಗಂಟು. ಅದಕ್ಕಿಂತ ಎರಡ ಬೆರಳ ಒಳಗ ಬಂದೇನಿ. ಮಲಗೇ ಇದ್ರೂ! ಸರ್, ಈ ಕಟ್ಟು ಎಷ್ಟ ಕಿಲೊ ಇದ್ದೀತ್ರಿ? ತೂಕದಾಗ ಅದನ್ನ ಕಳೀತಾರಲ್ಲ?"

ರೇಣುಕವ್ವ ಒಳಗಿನಿಂದ ತಾಟು ತಂದು ಹೊರಸಿನ ಮೇಲಿಟ್ಟಳು. ಜೋಳದ ರೊಟ್ಟಿ, ಬದನೆಕಾಯಿ, ಬೆಣ್ಣೆಯ ಮುದ್ದೆ, ಗಿಂಡಿಯಲ್ಲಿ ಹಾಲು. ಇಟ್ಟು ಕಂಬಕ್ಕೆ ಒರಗಿ ನಿಂತಳು, ಸಾಕ್ಷಿ ನಿಂತಂತೆ.

"ಉಣ್ಣೋ ಕೊಟ್ರಪ್ಪ," ಮಾರ್ತಾಂಡ ಹೇಳಿದ.

ಕೊಟ್ರಪ್ಪ ಅವನನ್ನು ನೋಡಿ ನಕ್ಕ. ಜಾಣ ನಗು.

"ಬ್ಯಾಡ್ರಿ ಸರ್."

"ಉಣ್ಣು ಅನ್ನಾಕತ್ತೇನಲ್ಲ."

"ನನಗ ಗೊತ್ತೈತ್ರಿ. ಪರೀಕ್ಷಾ ಮಾಡಾಕತ್ತೀರಿ. ಅಂದಪ್ಪಗ ಮಾಡಿದಂಗ."

ಹೌದು, ಮುಂಡರಗಿಯ ಪಂದ್ಯ ಗೆದ್ದು ಬರುವಾಗ ಮಾರ್ತಾಂಡ ಎಲ್ಲರಿಗೂ ಮಿರ್ಚಿ ಭಜಿ ತರಿಸಿ, ತಿನ್ರಲೇ, ಗೆದ್ದೀರಿ, ಇವತ್ತೊಂದ ದಿನ ತಿನ್ರಿ ಎಂದಿದ್ದ. ಅಂದಪ್ಪ ಒಬ್ಬ ಕೈ ಹಾಕಿದ. ಮರುದಿನ ಅಂದಪ್ಪ ತಂಡದಲ್ಲಿರಲಿಲ್ಲ. ಉಳಿದ ಹುಡುಗರು ಕಾಗದದಲ್ಲಿ ಆರುತ್ತಿದ್ದ ಮಿರ್ಚಿಗಳ ಸುತ್ತ ಕೈ ಕಟ್ಟಿ ಕೂತು ಅವನನ್ನು ನೋಡುತ್ತಿದ್ದ ಆ ನೋಟ, ಅದರಷ್ಟು ಹಿತವಾದದ್ದು ತನ್ನ ಬದುಕಿನಲ್ಲಿ ಬೇರೆ ಇಲ್ಲವೆಂದು ಆ ಸಂಜೆ ಅನಿಸಿತ್ತು.

"ಪರೀಕ್ಷಾ ಅಲ್ಲೋ. ಕೇಳು. ನಂದ ತಪ್ಪ ಆಗೇತಿ. ನಿನ್ನ ಬುತ್ತಿ ತಗದು ಹಮಾಲಗ ಕೊಟ್ಟಾವ ನಾನು. ನಿನ್ನ ಎಲುಬು ಮುರದದ್ದು ಅದಕ್ಕ. ಜಾರಿ ಬಿದ್ದು ಅಲ್ಲ, ದೃಷ್ಟಿ ತಾಗಿ ಅಲ್ಲ. ನೀ ಉಣಲಿಲ್ಲಂದ್ರ ಅದು ಕೂಡಂಗಿಲ್ಲ."

ಇಷ್ಟು ದಿನ ಹೇಳದೆ ಇಟ್ಟುಕೊಂಡಿದ್ದ ಮಾತು. ಹೇಳಿದರೆ ಏನೋ ಆಗುತ್ತದೆ ಎಂದುಕೊಂಡಿದ್ದ. ಕೊಟ್ರಪ್ಪ ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

"ಇದು ಹೊಸಾದ ಐತಿ ಸರ್! ಕಣ್ಣಾಗ ನೀರು ಬ್ಯಾರೆ!"

ತಾಟಿನ ಮೇಲೆ ಒಂದು ನೊಣ ಕೂತಿತು. ಮಾರ್ತಾಂಡ ರೇಣುಕವ್ವನ ಕಡೆ ನೋಡಿದ. ಅವಳ ಮುಖದಲ್ಲಿ ಕ್ಷಮೆಯೂ ಇರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ನೀ ಕಟ್ಟಿದ್ದು, ನೀನೇ ಬಿಚ್ಚು, ಅಷ್ಟೇ. ಈ ಹುಡುಗನ ಕಿವಿಗೆ ತನ್ನ ಯಾವ ಮಾತು ಸತ್ಯವಾಗಿ ಕೇಳುತ್ತದೆ ಎಂದು ಮಾರ್ತಾಂಡ ಯೋಚಿಸಿದ. ಒಂದೇ ತರದ ಮಾತು. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಎದ್ದು ನಿಂತ, ಮೈದಾನದಲ್ಲಿ ನಿಲ್ಲುವ ಹಾಗೆ ಕೈ ಹಿಂದೆ ಕಟ್ಟಿಕೊಂಡ.

"ಆತು, ಉಣಬ್ಯಾಡ. ಉಂಡ್ರೂ ಅಷ್ಟ, ಬಿಟ್ರೂ ಅಷ್ಟ. ನಿನ್ನ ಹೆಸರ ತಗದೇನಿ. ಅಂದಪ್ಪನ್ನ ತಗೊಂಡೇನಿ. ಕುಂಟನ್ನ ಇಟ್ಕೊಂಡು ನಾ ಏನ ಮಾಡಲಿ?"

ಸುಳ್ಳು. ಯಾವ ಹೆಸರನ್ನೂ ಅವನು ಬರೆದಿರಲಿಲ್ಲ, ಇನ್ನು ಬರೆಯುವವನೂ ಅಲ್ಲ. ಆದರೆ ಹೇಳುವಾಗ ದನಿ ನಡುಗಲಿಲ್ಲ, ಮತ್ತು ಹುಡುಗನ ಮುಖದ ಬಣ್ಣ ಇಳಿಯುವುದನ್ನು ನೋಡುವಾಗ ಎದೆಯ ಎಲ್ಲೋ ಮೂಲೆಯಲ್ಲಿ ಹಳೆಯ ಹಿತವೊಂದು ಬಾಲ ಅಲ್ಲಾಡಿಸಿತು. ಅದನ್ನು ಕಂಡು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಕೊಟ್ರಪ್ಪ ತಲೆ ತಗ್ಗಿಸಿದ. ಕಟ್ಟಿನ ಮೇಲೆ ಉಗುರಿನಿಂದ ಗೆರೆ ಎಳೆದ. ತಲೆ ಎತ್ತಿದಾಗ ಅವನ ಕಣ್ಣಲ್ಲಿ ಹುಡುಗ ಇರಲಿಲ್ಲ.

"ಎರಡ ವರ್ಷ," ಎಂದ. "ಅವ್ವನ ಬೆಣ್ಣಿ ವಾಸ್ನಿ ಬಂದ್ರ ಚೀಲಕ್ಕ ಮೂಗ ಹಚ್ಚಿ ಅಳತಿದ್ದೆ ನಾನು. ನಿಮಗ ಗೊತ್ತೇನು?"

ಮಾರ್ತಾಂಡ ಹಿಂದೆ ಕಟ್ಟಿದ್ದ ಕೈ ಬಿಚ್ಚಿದ.

"ಯವ್ವಾ, ಇನ್ನೊಂದ ತಾಟ ತಾ. ಸರ್‌ಗೆ ಹಚ್ಚು."

"ನನಗ ಬ್ಯಾಡ."

"ಕುಂಡ್ರಿ ಸರ್." ಅದು ಮಾರ್ತಾಂಡನದೇ ದನಿ, ಅದೇ ಒಣ ಏರಿಳಿತ. "ನೀವು ತಿಂದಷ್ಟ ನಾ ತಿಂತೇನಿ. ನೀವು ಬಿಟ್ರ ನಾನೂ ಬಿಡತೇನಿ."

ರೇಣುಕವ್ವ ತಾಟು ತಂದು ನೆಲದ ಮೇಲೆ ಇಟ್ಟಳು, ಕುಕ್ಕಿದಂತೆ. ಮಾರ್ತಾಂಡ ಕೂತ. ಮೊದಲ ರೊಟ್ಟಿ ಹೇಗೋ ಹೋಯಿತು. ಹೊರಸಿನ ಮೇಲೆ ಕೊಟ್ರಪ್ಪ ಅವನನ್ನೇ ನೋಡುತ್ತ, ಅವನು ಮುರಿದರೆ ಮುರಿದು, ಅಗಿದರೆ ಅಗಿದು, ರೊಟ್ಟಿಯನ್ನಲ್ಲ ಅವನನ್ನೇ ತಿನ್ನುವವನಂತೆ ತಿಂದ. ಎರಡನೆಯದಕ್ಕೆ ಮಾರ್ತಾಂಡನ ಹೊಟ್ಟೆ ಬಿಗಿಯಿತು. ಮೂವತ್ತು ವರ್ಷ ಅರ್ಧಕ್ಕೆ ಏಳುವ ರೂಢಿಯ ಹೊಟ್ಟೆ. ಮೂರನೆಯದಕ್ಕೆ ಹಣೆಯ ಮೇಲೆ ಬೆವರು ಬಂತು. ಅವನು ತಾಟಿನ ಮೇಲೆ ಕೈ ಅಡ್ಡ ಹಿಡಿದ.

"ಸಾಕೇನ್ರಿ?" ಕೊಟ್ರಪ್ಪ ತನ್ನ ಕೈಯ ತುತ್ತನ್ನು ನಿಧಾನಕ್ಕೆ ತಾಟಿಗೆ ಇಳಿಸಿದ. ಹಾಲಿನ ಗಿಂಡಿಯನ್ನು ಇನ್ನೂ ಮುಟ್ಟಿರಲಿಲ್ಲ.

ಮಾರ್ತಾಂಡ ಅಡ್ಡ ಹಿಡಿದ ಕೈ ತೆಗೆದ.

"ಹಾಕವ್ವಾ, ಹಾಕು, ಸರ್‌ಗೆ ಹಸಿವು ಭಾಳ ಐತಿ. ಬೆಣ್ಣಿನೂ ಹಾಕು." ಕೊಟ್ರಪ್ಪ ಗಿಂಡಿಯನ್ನೆತ್ತಿ ಕುಡಿದ, ಮೇಲ್ದುಟಿಗೆ ಹಾಲಿನ ಗೆರೆ ಮೂಡಿತು, ಒರೆಸಿಕೊಳ್ಳಲಿಲ್ಲ. "ನಾಳಿಗೂ ಬರ್ರಿ. ನೀವು ಬಂದು ಮುಂದ ಕುಂತ್ರ ನಾ ಉಣ್ಣತೇನಿ. ಇಲ್ಲಾಂದ್ರ ಇಲ್ಲ."

"ಎಷ್ಟ ದಿನ?"

"ಕಾಲಿನ ಎಲುಬು ಕೂಡೂಮಟಾ. ದಿನಾ."

ರೇಣುಕವ್ವ ಬುಟ್ಟಿಯಿಂದ ರೊಟ್ಟಿ ತೆಗೆದು ಅವನ ತಾಟಿಗೆ ಹಾಕಿದಳು, ಅದರ ಮೇಲೆ ಬೆಣ್ಣೆ ಒತ್ತಿದಳು. ಮಾರ್ತಾಂಡನ ಕಡೆ ನೋಡಲಿಲ್ಲ.

"ಐತ್ವಾರ ಗದಗದಿಂದ ಮೊದಲನೇ ಬಸ್ಸು ಏಳಕ್ಕ ಐತಿ," ಎಂದಳು. "ತಪ್ಪಿದ್ರ ಆಮ್ಯಾಲೆ ಹತ್ತಕ್ಕ. ಹತ್ತರತನಾ ನನ್ನ ಮಗ ಹಸದ ಕುಂಡ್ರಂಗಿಲ್ಲ."

ಮಾರ್ತಾಂಡ ನಾಲ್ಕನೆಯ ರೊಟ್ಟಿಯನ್ನು ಮುರಿದ.